ಅಳಿಸಿದ ಸಾಲು

"ಭಾವ, ಇಲ್ಲಿದ್ದ ಬೇರೆ ಸಾಲುಗಳೆಲ್ಲ ಎಲ್ಲಿ ಹೋದ್ವು?"

ಕಂಪ್ಯೂಟರಿನ ಮುಂದೆ ಕುಳಿತಿದ್ದ ಬಾಮೈದನಿಗೆ ಕನ್ನಡಕದಂಗಡಿಯ ಯಜಮಾನರು ಹೆಮ್ಮೆಯಿಂದಲೇ ಉತ್ತರ ಕೊಟ್ಟರು. "ಎಲ್ಲಾ ತೆಗೆದುಬಿಟ್ಟೆ. ಫ್ರೇಮಿಗೆ ಹೊಸ ಗಾಜು ಕೂರಿಸೋ ಮುಂಚೆ ಹಳೇದನ್ನ ಒಂದು ಚೂರೂ ಉಳಿಸಬಾರದು ಕಣಯ್ಯ."

ಅಂಗಡಿಗೆ ಹೊಸ ವೆಬ್‌ಸೈಟು ಆಗಿ ತಿಂಗಳಾಗಿತ್ತು. ಅಂಗಡಿಯ ಹೆಸರಿನ ಡೊಮೈನ್, ಅಂದರೆ ಇಂಟರ್ನೆಟ್ಟಿನ ಹೆಸರು, ಮೊದಲಿನಿಂದಲೂ ಇತ್ತು. ಅದನ್ನು ಹೊಸ ಸೈಟಿನ ಕಡೆ ತಿರುಗಿಸಲು, ಆ ಹೆಸರಿನ ದಾರಿಗಳನ್ನು ಬರೆದಿಡುವ ಡಿಎನ್‌ಎಸ್ ಪುಟದಲ್ಲಿ ಒಂದೆರಡು ಸಾಲು ಬದಲಿಸಿದ್ದರೆ ಸಾಕಿತ್ತು. ತಮ್ಮನನ್ನು ಕರೆಯೋಣ ಎಂದು ಹೆಂಡತಿ ಬಡಕೊಂಡರೂ ಕೇಳಿದವರಲ್ಲ ಈ ಮಹಾಶಯರು. ವಿಡಿಯೊ ನೋಡಿ, ಅರ್ಥವಾಗದ ಸಾಲುಗಳನ್ನೆಲ್ಲ ಗಾಜಿನ ಮೇಲಿನ ಧೂಳು ಒರೆಸಿದಂತೆ ಒರೆಸಿ, ಹೊಸದನ್ನು ಬರೆದರು. ಮಾರನೆಯ ದಿನ ಸೈಟು ತೆರೆದುಕೊಂಡಾಗ ಗಲ್ಲೆಯ ಮುಂದೆ ಕುಣಿಯುವುದೊಂದು ಬಾಕಿ.

"ಸೈಟು ಚೆನ್ನಾಗಿದೆ ಅಂತ ನಿಮಗೊಂದು ಮೇಲ್ ಹಾಕಿದ್ದೆ, ವಾಪಸ್ ಬಂತು. ಅದಕ್ಕೇ ಬಂದೆ," ಎಂದ ಬಾಮೈದ. "ನೀವು ಅಳಿಸಿದ್ರಲ್ಲಿ ಒಂದು ಸಾಲು ಸೈಟಿಗೆ ಸೇರಿದ್ದಲ್ಲ ಭಾವ. ಈ ಹೆಸರಿಗೆ ಬರೋ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳೋ ಸಾಲು ಅದು."

"ಮತ್ತೆ ಹಾಕು."

"ಹಾಕ್ತೀನಿ. ಇನ್ಮೇಲೆ ಬರುತ್ತೆ."

"ನಡುವೆ ಬಂದಿದ್ದು?"

"ಬಂದೇ ಇಲ್ವಲ್ಲ ಭಾವ. ಕಳಿಸಿದವರಿಗೇ ತಿರುಗಿ ಹೋಗಿರುತ್ತೆ."

ಯಜಮಾನರು ಸ್ಟೂಲು ಎಳೆದುಕೊಂಡು ಕುಳಿತರು. ಗಿರಾಕಿಗಳೆಲ್ಲ ಫೋನ್ ಮಾಡುವವರೇ. ಅಂಗಡಿಯ ಮೇಲ್ ವಿಳಾಸಕ್ಕೆ ಬರೆಯುತ್ತಿದ್ದವಳು ಮಗಳೊಬ್ಬಳೇ. ತನಗೆ ಬೇಕಾದವನನ್ನು ಮದುವೆಯಾದ ಮಗಳಿಗೆ "ನಿನ್ನ ಪಾಲಿಗೆ ಈ ಬಾಗಿಲು ಮುಚ್ಚಿತು" ಎಂದಿದ್ದರು ಇವರು. ಅವಳು ಫೋನ್ ಮಾಡುವುದನ್ನು ಬಿಟ್ಟಳು, ಮೇಲ್ ಬರೆಯುವುದನ್ನು ಬಿಡಲಿಲ್ಲ. 'ಚೆನ್ನಾಗಿದ್ದೀನಿ, ಅಮ್ಮನಿಗೆ ಹೇಳಿ' ಎಂಬ ಎರಡೇ ಸಾಲು. ಇವರು ಒಂದಕ್ಕೂ ಉತ್ತರಿಸಲಿಲ್ಲ, ಹಟ. ಆದರೂ ಅಂಗಡಿಯ ಷಟರ್ ಎತ್ತಿದ ಮೇಲೆ ಮೊದಲು ತೆರೆಯುತ್ತಿದ್ದುದು ಮೇಲನ್ನೇ. ಸೈಟಿನಲ್ಲಿ ಗಂಡಹೆಂಡಿರ ಫೋಟೊ ಹಾಕಿಸಿದ್ದೂ ಅವಳ ಕಣ್ಣಿಗೆ ಬೀಳಲಿ ಎಂದೇ, ಬಾಯಿ ಬಿಟ್ಟು ಹೇಳದಿದ್ದರೂ.

ಸೈಟು ಆಗುವ ಸ್ವಲ್ಪ ಮುಂಚೆ ಬಂದ ಕೊನೆಯ ಮೇಲಿನಲ್ಲಿ ಅವಳು ಬರೆದಿದ್ದಳು: 'ಈ ಕೆಲಸ ಬಿಡ್ತಿದ್ದೀನಿ, ಊರೂ ಬದಲಾಗುತ್ತೆ. ಈ ಮೇಲ್ ವಿಳಾಸ, ಫೋನು ಎರಡೂ ಇರಲ್ಲ. ಅಲ್ಲಿಗೆ ಹೋದ ಮೇಲೆ ಹೊಸದನ್ನ ಕಳಿಸ್ತೀನಿ.'

ಅದಾದ ಮೇಲೆ ಏನೂ ಬಂದಿರಲಿಲ್ಲ. "ಇವತ್ತೂ ಇಲ್ವಾ?" ಎಂದು ಹೆಂಡತಿ ಕೇಳಿದಾಗಲೆಲ್ಲ "ಅವಳಿಗೆ ಹೆತ್ತವರ ನೆನಪಿದ್ರೆ ತಾನೆ!" ಎಂದು ಇವರು ರೇಗಿದ್ದೇ ರೇಗಿದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬಾಮೈದ ಸಾಲು ಸೇರಿಸಿ ಹೊರಟುಹೋದ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಎಂದಿನಂತೆ ಕೇಳಿದರು, "ಇವತ್ತೂ ಇಲ್ವಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ, "ನಾನೇ ಕಣೇ, ನನ್ನ ಕೈಯಾರೆ," ಎಂದರು.

ಬೈಯುತ್ತಾಳೆ ಎಂದುಕೊಂಡಿದ್ದರು. ಆಕೆಯ ಮುಖವೋ ಅರಳಿತು. "ಅಂದ್ರೆ ಅವಳು ಬರೆದಿರ್ತಾಳೆ! ನಮ್ಮನ್ನ ಮರೆತಿಲ್ಲ, ನೋಡಿದ್ರಾ?"

ಆ ಸಂತೋಷವನ್ನು ಯಜಮಾನರಿಗೆ ನೋಡಲಾಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಕೆ ಡಬ್ಬಿ ಬಿಚ್ಚುತ್ತ ಬಿಚ್ಚುತ್ತ ನಿಧಾನಿಸಿದರು. "ತಿರುಗಿ ಹೋದಾಗ ಅವಳಿಗೆ ಏನಂತ ಕಾಣಿಸಿರುತ್ತೆ ರೀ?"

"ಈ ವಿಳಾಸ ಇಲ್ಲ ಅಂತ."

ಪರದೆಯ ಮೇಲೆ ಅಂಗಡಿಯ ಹೊಸ ಪುಟ ತೆರೆದೇ ಇತ್ತು. ಫೋಟೊದಲ್ಲಿ ಇಬ್ಬರೂ ನಗುತ್ತಿದ್ದರು. "ಮೇಲ್ ತಿರುಗಿ ಬಂದ ಮೇಲೆ ಇದನ್ನೂ ನೋಡಿದ್ರೆ, ಏನಂದ್ಕೊಂಡಿರ್ತಾಳೆ ರೀ?" ಆಕೆ ತಮ್ಮ ಕನ್ನಡಕ ತೆಗೆದು, ರಿಪೇರಿಗೆ ಬಂದ ಕನ್ನಡಕಗಳ ತಟ್ಟೆಯಲ್ಲಿ ಇಟ್ಟು, ಪರದೆಗೆ ಬೆನ್ನು ಮಾಡಿ ಬಾಗಿಲ ಕಡೆ ತಿರುಗಿ ಕುಳಿತರು.