ಹರಸಿದ ನೀಲಿ ಪಂಪು

ಬೆಳಿಗ್ಗೆ ಎದ್ದ ಕೂಡಲೇ ಬುರುಲ್ ನೋಡುತ್ತಿದ್ದದ್ದು ಗಂಡನ ಮುಖವನ್ನಲ್ಲ, ಹಸಿರುಮನೆಯ ಉಷ್ಣಮಾಪಕವನ್ನು. ಹೊರಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಒಳಗೆ ಹದಿನಾರು ಮೇಲೆ. ನಡುವೆ ಎರಡು ಪದರ ಪ್ಲಾಸ್ಟಿಕ್ ಹಾಳೆ ಮತ್ತು ಒಂದು ಒಲೆ. ಆ ಒಲೆ ಆರಿದರೆ ನಾಲ್ಕು ಸಾವಿರ ಟೊಮೆಟೊ ಸಸಿಗಳು ಬೇಯಿಸಿ ಬಸಿದ ಸೊಪ್ಪಿನ ಹಾಗಾಗುತ್ತವೆ. ತೊಕ್ಮೊಕ್ ಪಟ್ಟಣದ ಸುತ್ತಲಿನ ಹಳ್ಳಿಗಳವರು ಏಪ್ರಿಲ್‌ನಲ್ಲಿ ಸಸಿ ಕೇಳಿಕೊಂಡು ಬರುವ ಹೊತ್ತಿಗೆ ಅವಳ ಕೈ ಬರಿದಾಗಿರುತ್ತದೆ. ಆ ಮನೆ ವರ್ಷವಿಡೀ ನಂಬಿ ಕೂತದ್ದು ಆ ಸಸಿಗಳನ್ನೇ.

ಒಲೆ ಉರಿಯುವುದು ಕಾರುಗಳ ಹಳೇ ಇಂಜಿನ್ ಆಯಿಲ್‌ನಿಂದ. ಗಂಡ ಮೆದೆರ್ ರಸ್ತೆಯಂಚಿನ ತನ್ನ ಗ್ಯಾರೇಜಿನ ಗುಂಡಿಯಲ್ಲಿ ನಿಂತು ಬಸಿದದ್ದನ್ನೆಲ್ಲ ಡ್ರಮ್ಮುಗಳಲ್ಲಿ ತುಂಬಿ ತರುತ್ತಿದ್ದ. ಅದು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಕೆಂಪಗೆ ಕಾದ ತಟ್ಟೆಯ ಮೇಲೆ ಬೀಳಬೇಕು. ಕಸವಿದ್ದರೆ ಕೊಳವೆ ಕಟ್ಟುತ್ತದೆ. ನೀರಿದ್ದರೆ ಬೆಂಕಿ ಚಟಪಟ ಸಿಡಿದು ಆರುತ್ತದೆ. ಹಾಗಾಗಿ ಬುರುಲ್ ಬಕೆಟ್ಟಿಗೆ ಒಂದು ಗಂಟೆಯಂತೆ, ಅತ್ತೆಯ ಹಳೇ ಕಾಲುಚೀಲದಲ್ಲಿ ಆ ಕರಿ ಎಣ್ಣೆಯನ್ನು ಸೋಸುತ್ತಿದ್ದಳು. ಕಾಲುಚೀಲಗಳು ಮುಗಿಯುತ್ತ ಬಂದಾಗ, ಒಂದು ಪಂಪು ತರುವುದೆಂದು ಮನೆಯಲ್ಲಿ ಮಾತಾಯಿತು.

ಯಾವ ಪಂಪು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಎಣ್ಣೆಯನ್ನು ಒಲೆಯ ಪಕ್ಕ ಎರಡು ದಿನ ಬೆಚ್ಚಗಿಟ್ಟರೆ ನೀರು ತಾನಾಗಿ ತಳಕ್ಕಿಳಿಯುತ್ತದೆ. ಮೇಲಿನದನ್ನು ಕದಡದೆ ಎಳೆದು, ಒತ್ತಿ, ದಪ್ಪ ಬಟ್ಟೆಯ ಫಿಲ್ಟರಿನಿಂದ ದಾಟಿಸಬೇಕು. ಅದಕ್ಕೆ ಎರಡು ಹಲ್ಲುಚಕ್ರಗಳು ಒಂದಕ್ಕೊಂದು ಕಚ್ಚಿ ನಿಧಾನವಾಗಿ ತಿರುಗುವ ಗೇರ್ ಪಂಪು ಬೇಕು. ಹಳೇ ಟ್ರ್ಯಾಕ್ಟರುಗಳಲ್ಲಿ ಟ್ರೇಲರ್ ಎತ್ತಲು ಇರುತ್ತದಲ್ಲ, ಅಂಥದ್ದು. ನೀರಿನ ಪಂಪಿನ ರೆಕ್ಕೆಚಕ್ರ ಗಿರ್ರನೆ ಸುತ್ತಿ, ಕುದುರೆ ಹಾಲನ್ನು ಕಡೆದಂತೆ ನೀರನ್ನೂ ಎಣ್ಣೆಯನ್ನೂ ಕಡೆದು ಒಂದು ಮಾಡಿಬಿಡುತ್ತದೆ. ಆಮೇಲೆ ಅವು ಬೇಗ ಬೇರೆಯಾಗುವುದಿಲ್ಲ.

ಅಂಥದೊಂದು ಟ್ರ್ಯಾಕ್ಟರ್ ಅಂಗಳದಲ್ಲೇ ಇತ್ತು. ಮಾವ ಶಾರ್ಶೆನ್ ಸಾಮೂಹಿಕ ಕೃಷಿಯ ಕಾಲದಿಂದ ನಡೆಸಿದ್ದು, ಈಗ ಟಾರ್ಪಾಲಿನ್ ಹೊದ್ದು ಇಟ್ಟಿಗೆಗಳ ಮೇಲೆ ನಿಂತಿತ್ತು. ಬಿಸಿಲು ಬಿದ್ದ ದಿನ ಮಾವ ಅದರ ಸೀಟಿನ ಮೇಲೆ ಕಂಬಳಿ ಹಾಸಿ ಕೂತು ಬೆಟ್ಟ ನೋಡುತ್ತಿದ್ದರು. ಅದರ ಒಂದು ಬೋಲ್ಟು ಕೇಳಿದ ಮೆದೆರ್‌ಗೆ ಹಿಂದೊಮ್ಮೆ, "ನಾನು ಸತ್ತ ಮೇಲೆ ನನ್ನ ಹಲ್ಲೂ ಕಿತ್ಕೋ" ಎಂದಿದ್ದರು. ಹಾಗಾಗಿ ಅದರ ಮಾತು ಯಾರೂ ಎತ್ತಲಿಲ್ಲ.

ಶನಿವಾರ ಬೀಗರು ಬಂದರು. ಮೆದೆರ್‌ನ ತಂಗಿಯನ್ನು ಸೊಸೆಯಾಗಿ ತಂದುಕೊಂಡ ಇದಿರಿಸ್, ಬಜಾರಿನಲ್ಲಿ ನಲ್ಲಿ, ಪೈಪು ಮಾರುವವರು. ಕಾರಿನ ಡಿಕ್ಕಿಯಿಂದ ಒಂದು ಪೆಟ್ಟಿಗೆ ಇಳಿಸಿದರು. ಒಳಗೆ ಆಕಾಶನೀಲಿ ಬಣ್ಣದ ಹೊಸ ನೀರಿನ ಪಂಪು.

"ಬೀಗರೇ, ನಿಮ್ಮ ಸೊಸೆ ಕಾಲುಚೀಲ ಹಿಂಡ್ತಿದಾಳಂತೆ. ಕೇಳಿ ನಂಗೆ ಅನ್ನ ಇಳೀಲಿಲ್ಲ," ಎಂದರು ಇದಿರಿಸ್. "ನಿಮಿಷಕ್ಕೆ ನಲವತ್ತು ಲೀಟರ್ ತಳ್ಳುತ್ತೆ ಇದು. ಕಾಲುಚೀಲ ಇನ್ನು ಕಾಲಿಗೇ ಹಾಕ್ಕೊಳ್ಳಿ."

ಬುರುಲ್ ಚಹಾ ಬಗ್ಗಿಸುತ್ತಿದ್ದಳು. ಮಾವನ ಎದುರು, ಅದರಲ್ಲೂ ಬೀಗರ ಎದುರು, ಸೊಸೆಯಾದವಳು ಇದು ಸರಿಯಿಲ್ಲ ಎನ್ನುವಂತಿಲ್ಲ. ಬೀಗರ ಉಡುಗೊರೆಗೆ ಕುಂದು ಹೇಳಿದರೆ ಅದರ ಬಿಸಿ ತಟ್ಟುವುದು ಅಲ್ಲಿ ಬಾಳುತ್ತಿರುವ ನಾದಿನಿಗೆ. ಅವಳು ಅತ್ತೆಯ ಕಡೆ ಬಾಗಿದಳು. ಅತ್ತೆಯನ್ನು ಅವಳು ಕರೆಯುತ್ತಿದ್ದದ್ದು ಅಪಾ ಎಂದು, ಮಾವನನ್ನು ಅತಾ ಎಂದು.

"ಅಪಾ, ನೀರಿನ ಪಂಪಿಗೆ ಎಣ್ಣೆ ಒಗ್ಗುತ್ತಾ ಅಂತ ಅತಾನ ಒಂದ್ಸಲ ಕೇಳ್ತೀರಾ?"

"ಅಲ್ಲೇ ಕೂತಿದಾರಲ್ಲೇ, ನಿನ್ನ ಮೊಣಕೈಗೆ ತಾಗೋ ಹಾಗೆ."

"ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಅತ್ತೆ ಬೋಗುಣಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು. "ಚಹಾಗೆ ಇನ್ನೊಂಚೂರು ಹಾಲು ಹಾಕು," ಎಂದರು.

ಎಲ್ಲರೂ ಎದ್ದು ಹಸಿರುಮನೆಗೆ ಹೋದರು. ಮೆದೆರ್ ಕೊಳವೆಗಳನ್ನು ಜೋಡಿಸಿದ. ತಣ್ಣನೆಯ ಎಣ್ಣೆ ಜೇನಿನಷ್ಟು ಗಟ್ಟಿ. ಪಂಪು ಕಿರುಚಿತು, ಏನೂ ಬರಲಿಲ್ಲ. ಡ್ರಮ್ಮನ್ನು ಒಲೆಯ ಬಳಿ ಸರಿಸಿ ಕಾಯಿಸಿದ ಮೇಲೆ ಎಣ್ಣೆ ಬುಳುಕ್ಕನೆ ಎದ್ದು ಬಂತು. ಅದು ಬೀಳುತ್ತಿದ್ದ ತೊಟ್ಟಿಯಲ್ಲಿ ನೊರೆ ಎದ್ದಿತು, ಕಪ್ಪು ಕಂದಾಯಿತು, ಕಂದು ಇನ್ನೂ ತಿಳಿಯಾಗಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು.

"ನೋಡಿ, ಕರೀದೆಲ್ಲ ಹೋಯ್ತು," ಎಂದರು ಇದಿರಿಸ್, ತಮ್ಮ ಕಣ್ಣನ್ನು ತಾವೇ ನಂಬದವರಂತೆ. "ಫಿಲ್ಟರ್ ಇನ್ನೂ ಹಾಕೇ ಇಲ್ಲ, ಆಗ್ಲೇ ಕ್ಲೀನು."

ಬುರುಲ್‌ಗೆ ಗೊತ್ತಾಯಿತು. ಕೊಳೆ ಎಲ್ಲಿಗೂ ಹೋಗಿರಲಿಲ್ಲ; ನೀರು ಅದಕ್ಕೆ ಬಿಳಿ ಅಂಗಿ ತೊಡಿಸಿತ್ತು, ಅಷ್ಟೆ. ಅವಳು ಮೆದೆರ್‌ನ ಮುಖ ನೋಡಿದಳು. ಅವನು ಸ್ಪ್ಯಾನರ್ ನೋಡುತ್ತಿದ್ದ. ಮಾವ ತೊಟ್ಟಿಯೊಳಗೆ ಬೆರಳದ್ದಿ, ಎರಡು ಬೆರಳ ನಡುವೆ ಉಜ್ಜಿ, ಮೂಸಿ ನೋಡಿದರು. ಆಮೇಲೆ ಬೆರಳನ್ನು ಕೋಟಿಗೆ ಒರೆಸಿ, ಎರಡೂ ಅಂಗೈ ತೆರೆದರು. ಎಲ್ಲರೂ ಅಂಗೈ ತೆರೆದರು.

"ಈ ಯಂತ್ರ ದೀರ್ಘಾಯುವಾಗಲಿ. ತಂದ ಕೈಗೆ ನೂರು ಬರಲಿ. ಈ ಮನೆಯ ಬೆಂಕಿ ಆರದಿರಲಿ. ಓಮಿನ್."

ಐದು ಜನ ಅಂಗೈಗಳಿಂದ ಮುಖ ಸವರಿಕೊಂಡರು. ಹಿರಿಯರು ಹರಸಿಯಾಯಿತು ಎಂದರೆ ಮಾತು ಮುಗಿಯಿತು. ಇನ್ನು ಆ ಪಂಪನ್ನು ಬದಲಿಸುವುದೆಂದರೆ ಮಾವನ ಬಾಯಿಂದ ಬಂದದ್ದನ್ನು ನೆಲಕ್ಕೆ ಚೆಲ್ಲಿದಂತೆ.

ಮನೆಯ ಬೆಂಕಿ ಭಾನುವಾರ ಬೆಳಗಿನ ಜಾವಕ್ಕೇ ಆರಿತು. ಬುರುಲ್ ಬಂದು ನೋಡಿದಾಗ ಉಷ್ಣಮಾಪಕದಲ್ಲಿ ಆರು ಡಿಗ್ರಿ. ಬಾಗಿಲ ಪಕ್ಕದ ಮೂರು ತಟ್ಟೆಗಳ ಸಸಿಗಳು ತಲೆ ಬಗ್ಗಿಸಿ ಮಲಗಿದ್ದವು. ಅವಳು ಒಲೆಗೆ ಸೌದೆ ತುರುಕಿ, ಉಳಿದ ತಟ್ಟೆಗಳನ್ನೆಲ್ಲ ಒಂದೊಂದಾಗಿ ಹತ್ತಿರಕ್ಕೆ ತಂದಿಟ್ಟಳು. ಅಳಲಿಲ್ಲ; ಅಳುವುದಕ್ಕೆ ಕೈ ಬಿಡುವಿರಲಿಲ್ಲ.

"ಇನ್ನೊಂದು ಸಲ ಹೀಗಾದ್ರೆ ಒಂದೂ ಉಳಿಯಲ್ಲ," ಎಂದಳು ಮೆದೆರ್‌ಗೆ. "ಗೇರ್ ಪಂಪ್ ಬೇಕು. ಎಲ್ಲಿಂದಾದ್ರೂ ಸರಿ."

"ಅಪ್ಪ ಹರಸಿದಾರಲ್ಲ ಮಾರಾಯ್ತಿ."

"ಅತಾ ಹರಸಿದ್ದು ಬೆಂಕಿ ಆರದಿರಲಿ ಅಂತಾನೂ."

ಮೆದೆರ್ ತಲೆ ಕೆರೆದುಕೊಂಡು ಗುಜರಿ ಬಜಾರಿಗೆ ಹೋಗಿಬರುತ್ತೇನೆಂದ. ಹೋದದ್ದು ಸೋಮವಾರ. ಮಂಗಳವಾರ ಅವಳು ಸಂತೆಯಿಂದ ಬರುವಷ್ಟರಲ್ಲಿ ಗೇರ್ ಪಂಪು ಒಲೆಯ ಹಿಂದೆ ಕೂತಿತ್ತು. ಬಟ್ಟೆ ಒಗೆಯುವ ಹಳೇ ಮಿಷನ್ನಿನ ಮೋಟರು, ವೇಗ ತಗ್ಗಿಸಲು ಬೆಲ್ಟು, ಎಳೆಯುವ ಬಾಯಿಗೆ ದಪ್ಪ ಕಣ್ಣಿನ ಜಾಲರಿ, ಒತ್ತುವ ಕಡೆಗೆ ಫಿಲ್ಟರು, ಎಲ್ಲ ಅವಳು ಹೇಳಿದ ಹಾಗೇ. ಸೇಬು ತುಂಬುವ ಮರದ ಪೆಟ್ಟಿಗೆಯೊಂದನ್ನು ಮೆದೆರ್ ಅದರ ಮೇಲೆ ಕವುಚಿ ಹಾಕಿದ್ದ.

"ಎಲ್ಲಿ ಸಿಕ್ತು?"

"ಸಿಕ್ತು."

ಒಂದು ನಟ್ಟಿಗೂ ಅರ್ಧ ಗಂಟೆ ಚೌಕಾಸಿ ಮಾಡಿ, ಆ ಕಥೆಯನ್ನು ವಾರಗಟ್ಟಲೆ ಹೇಳುವ ಗಂಡ ಇಷ್ಟೇ ಹೇಳಿದ್ದು ಅವಳಿಗೆ ವಿಚಿತ್ರವೆನಿಸಿತು. ಆದರೆ ಪೆಟ್ಟಿಗೆಯ ಕೆಳಗಿನಿಂದ ಬರುತ್ತಿದ್ದ ಗುರ್‌ಗುರ್ ಸದ್ದು, ತೊಟ್ಟಿಗೆ ಬೀಳುತ್ತಿದ್ದ ನೊರೆಯಿಲ್ಲದ ಕಡುಗಪ್ಪು ಎಣ್ಣೆ, ಎರಡೂ ಎಷ್ಟು ಹಿತವಾಗಿದ್ದವೆಂದರೆ ಅವಳು ಮುಂದೆ ಕೇಳಲಿಲ್ಲ.

ನೀಲಿ ಪಂಪಿಗೂ ಕೆಲಸ ಬೇಕಿತ್ತು. ಮಾವ ದಿನಾ ಬೆಳಿಗ್ಗೆ ಅದನ್ನು ನೋಡಲು ಬರುತ್ತಾರೆ, ಖಾಲಿ ಓಡಿಸಿದರೆ ಸುಟ್ಟುಹೋಗುತ್ತದೆ. ಬುರುಲ್ ಯೋಚಿಸಿ, ಒಲೆಯ ಸುತ್ತಲಿನ ತೊಟ್ಟಿಯ ಬಿಸಿನೀರನ್ನು ಸಸಿಗಳ ಕೆಳಗಿನ ಪೈಪುಗಳಲ್ಲಿ ಸುತ್ತಿಸಲು ಅದನ್ನು ಜೋಡಿಸುವಂತೆ ಮೆದೆರ್‌ಗೆ ಹೇಳಿದಳು. ನೀರಿಗೆಂದು ಹುಟ್ಟಿದ ಪಂಪು ನೀರು ಸಿಕ್ಕಿದ್ದೇ ಸದ್ದಿಲ್ಲದೆ ದುಡಿಯತೊಡಗಿತು. ಮಾವ ಪೈಪು ಮುಟ್ಟಿ ನೋಡಿ, "ಬೀಗರ ಪಂಪು ಬೀಗರ ಪಂಪೇ," ಎನ್ನುತ್ತಿದ್ದರು. ಬುರುಲ್ ತಲೆಯಾಡಿಸುತ್ತಿದ್ದಳು. ಈ ಮುದುಕರಿಗೆ ಮೋಸ ಮಾಡುತ್ತಿದ್ದೇನೆಂಬ ಅಳುಕು ದಿನಾ ಅಷ್ಟಷ್ಟೇ ಬೆಳೆಯುತ್ತಿತ್ತು, ಸಸಿಗಳ ಜೊತೆಗೇ.

ಮಾರ್ಚ್‌ನಲ್ಲಿ ಹೊಸವರ್ಷದ ನೊರೂಜ್ ಹಬ್ಬಕ್ಕೆ ಇದಿರಿಸ್ ಮತ್ತೆ ಬಂದರು. ಬೂಟು ಬಿಚ್ಚುವ ಮೊದಲೇ, "ಪಂಪು ತೋರ್ಸಿ," ಎಂದರು. ಮಾವ ಮುಂದೆ, ಬೀಗರು ಹಿಂದೆ, ಅವರ ಹಿಂದೆ ಒದ್ದೆ ಕೈ ಒರೆಸಿಕೊಳ್ಳುತ್ತ ಬುರುಲ್. ಸಸಿಗಳು ಗೇಣುದ್ದ ಬೆಳೆದು ನಿಂತಿದ್ದವು.

"ಭೇಷ್. ಎಣ್ಣೆ ಹೇಗೆ ಓಡುತ್ತೆ ನೋಡೋಣ," ಎಂದು ಇದಿರಿಸ್ ನೀಲಿ ಪಂಪಿನ ವಾಲ್ವಿಗೆ ಕೈ ಹಾಕಿದರು. ತಿರುಗಿಸಿದರೆ ಬರುವುದು ನೀರು. ಬುರುಲ್ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಅವರ ಕೈ ನಿಂತಿತು. ತಲೆ ಒಂದು ಕಡೆಗೆ ವಾಲಿತು.

"ಆ ಪೆಟ್ಟಿಗೆ ಕೆಳಗೆ ಏನದು ಸದ್ದು?"

ಬುರುಲ್ ಬಾಯಿ ತೆರೆದಳು. ಮಾತು ಬಂದದ್ದು ಮಾವನಿಂದ.

"ಕೋಳಿ."

"ಕೋಳೀನಾ?"

"ಕಾವಿಗೆ ಕೂತಿದೆ. ಮುಟ್ಟಬೇಡಿ, ಕಚ್ಚುತ್ತೆ."

"ಇಷ್ಟು ಗುರುಗುಟ್ಟೋ ಕೋಳಿ ನಾನು ನೋಡಿಲ್ಲ ಬೀಗರೇ."

"ಹಳೇ ಕೋಳಿ," ಎಂದರು ಮಾವ, ಬೆಟ್ಟ ನೋಡುವಾಗಿನ ಅದೇ ಮುಖದಲ್ಲಿ. "ನಲವತ್ತು ವರ್ಷ ನನ್ನ ಹತ್ರಾನೇ ಇತ್ತು."

ಇದಿರಿಸ್ ಪೆಟ್ಟಿಗೆಯನ್ನು ನೋಡಿದರು. ಎಣ್ಣೆಯ ತೊಟ್ಟಿಯನ್ನು, ಒಲೆಯನ್ನು, ತಮ್ಮ ನೀಲಿ ಪಂಪಿಗೆ ಸೇರಿದ ಪೈಪುಗಳನ್ನು ಒಂದೊಂದಾಗಿ ನೋಡಿದರು. ಮೂವತ್ತು ವರ್ಷ ಪೈಪು ಮಾರಿದವರು. ವಾಲ್ವಿನಿಂದ ಕೈ ತೆಗೆದು ಕರವಸ್ತ್ರದಿಂದ ಒರೆಸಿಕೊಂಡರು.

"ಅಷ್ಟು ವಯಸ್ಸಾದ ಕೋಳಿ ಅಂದ್ರೆ ಬೆಚ್ಚಗಿಡಿ," ಎಂದರು. "ನನ್ನ ಪಂಪು?"

"ಅದಿಲ್ದೆ ಇದ್ದಿದ್ರೆ ಈ ಸಸಿಗಳ ಬೇರು ಬೆಚ್ಚಗಿರ್ತಿರಲಿಲ್ಲ," ಎಂದರು ಮಾವ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ಬನ್ನಿ, ಮರ್ಯಾದೆಯ ಕುರಿತಲೆ ನಿಮಗೇ ಅಂತ ಇಟ್ಟು ಎಲ್ಲರೂ ಕಾಯ್ತಿದಾರೆ."

ಅವರು ಒಳಹೋದ ಮೇಲೆ ಬುರುಲ್ ಅಂಗಳಕ್ಕೆ ಬಂದಳು. ಟ್ರ್ಯಾಕ್ಟರಿನ ಟಾರ್ಪಾಲಿನ್ನಿನ ಅಂಚನ್ನು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡು ಸಲ ತಿರುಗಿ ನೋಡಿ, ಎತ್ತಿದಳು. ಟ್ರೇಲರ್ ಎತ್ತುವ ಪಂಪಿರಬೇಕಾದ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತುಗಳಿದ್ದವು. ಧೂಳು ಹೋಗದಂತೆ ಅವಕ್ಕೆ ಬಟ್ಟೆ ತುರುಕಿತ್ತು, ಅಷ್ಟು ನೀಟಾಗಿ ತುರುಕುವವನು ಮೆದೆರ್ ಅಲ್ಲ. ಬಟ್ಟೆ ಅತ್ತೆಯ ಕಾಲುಚೀಲದ ತುಂಡು.

ಅವಳಿಗೆ ಓಡಿಹೋಗಿ ಮಾವನಿಗೆ ಏನಾದರೂ ಹೇಳಬೇಕೆನಿಸಿತು. ಆದರೆ ಕೃತಜ್ಞತೆ ಹೇಳುವುದೆಂದರೆ ಗೊತ್ತಾಗಿದೆ ಎಂದು ಹೇಳಿದಂತೆ. ಗೊತ್ತಾಗಿದೆ ಎಂದರೆ ಹರಸಿದ್ದು ತಪ್ಪು ಪಂಪನ್ನು ಎಂದಂತೆ. ಅಂದು ಐದು ಜನ ಅಂಗೈ ತೆರೆದು ನಿಂತಿದ್ದರಲ್ಲ, ಆ ನೀಲಿ ಪಂಪನ್ನು ನಂಬಿದವರು ಇದಿರಿಸ್ ಒಬ್ಬರೇ ಏನೋ. ಇವತ್ತಿಗೆ ಅವರೂ ನಂಬುತ್ತಿಲ್ಲ. ಅವಳು ಟಾರ್ಪಾಲಿನ್ ಸರಿಮಾಡಿ, ಒಳಗೆ ಹೋಗಿ ಚಹಾ ಬಗ್ಗಿಸಿದಳು.

ಮರುದಿನ ಬೆಳಿಗ್ಗೆ ಉಷ್ಣಮಾಪಕ ಹದಿನೇಳು ತೋರಿಸುತ್ತಿತ್ತು. ಟ್ರ್ಯಾಕ್ಟರಿನ ಸೀಟಿನ ಮೇಲಿರುತ್ತಿದ್ದ ಕಂಬಳಿ ಸೇಬಿನ ಪೆಟ್ಟಿಗೆಯ ಮೇಲೆ ಹಾಸಿತ್ತು. ಮಾವ ಬಂದರು, ವಾಡಿಕೆಯಂತೆ ಪೈಪು ಮುಟ್ಟಿ ಬೀಗರ ಪಂಪನ್ನು ಹೊಗಳಿದರು. ಆಮೇಲೆ ಪೆಟ್ಟಿಗೆಯ ಮೇಲೆ ಕೂತು, ಎರಡೂ ಕೈ ಮಂಡಿಯ ಮೇಲಿಟ್ಟು, ಸಸಿಗಳ ಸಾಲನ್ನು ಉಳುಮೆಯ ಸಾಲಿನಂತೆ ನೋಡುತ್ತ ಉಳಿದರು. ಕೆಳಗಿನ ಗುರ್‌ಗುರ್‌ಗೆ ಅವರ ಗಡ್ಡ ಸಣ್ಣಗೆ ಅಲುಗುತ್ತಿತ್ತು.