ಮನೆಯವಳ ಅಳತೆ

“ಉಸಿರು ಬಿಡೇ ತಾಯಿ, ಬಿಗಿ ಹಿಡ್ಕೊಂಡ್ರೆ ಅಳತೆ ಸುಳ್ಳಾಗುತ್ತೆ,” ಎಂದಳು ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವ ಅಜ್ಜಿ, ಟೇಪನ್ನು ದರ್ಜಿಯ ಹೆಂಡತಿಯ ಬೆನ್ನಿನಿಂದ ಎದೆಗೆ ಸುತ್ತಿ ತರುತ್ತಾ.

ಅವಳು ಉಸಿರು ಬಿಟ್ಟಳು. ದರ್ಜಿಯ ಕೈಹಿಡಿದು ಆರು ವರ್ಷವಾದರೂ ಅವಳ ಮೈಗೆ ಟೇಪು ಸೋಕಿದ್ದು ಇದೇ ಮೊದಲು. ಗಂಡ ದಾರ, ಗುಂಡಿ ತರಲು ಪೇಟೆಗೆ ಹೋಗಿದ್ದ.

“ಊರಿಗೆಲ್ಲ ಅಂಗಿ ಹೊಲಿಯೋನ ಹೆಂಡ್ತಿಗೇ ಅಳತೆ ಇಲ್ಲ. ಚೆನ್ನಾಗಿದೆ ಸಂಸಾರ!”

“ಮೆತ್ತಗೆ ಅಜ್ಜಿ.”

ಅಂಗಡಿಯ ಗೋಡೆಯ ತುಂಬ ಮೊಳೆಗಳು. ಖಾಯಂ ಗಿರಾಕಿಗಳ ಅಳತೆಗೆ ಕತ್ತರಿಸಿದ ಕಂದು ಕಾಗದಗಳು ಅವುಗಳಲ್ಲಿ ತೂಗುತ್ತಿದ್ದವು. ಒಂದೊಂದರ ಮೇಲೂ ಗುರುತು: ಬೇಕರಿಯವನು, ಹೆಡ್ ಮೇಷ್ಟ್ರು, ಕುಂಟ ಪೋಸ್ಟ್‌ಮ್ಯಾನ್. ಕೊನೆಯದರ ಮೇಲೆ ‘ಮನೆಯವಳು’ ಎಂದಿತ್ತು. ಅದು ಅಕ್ಕನ ಅಳತೆ. ಅಕ್ಕ ಹೆರಿಗೆಯಲ್ಲಿ ತೀರಿಕೊಂಡಾಗ, ಕೂಸಿಗೊಬ್ಬ ತಾಯಿ ಬೇಕೆಂದು ಹಿರಿಯರು ತಂಗಿಯನ್ನು ಅದೇ ಮನೆಗೆ ಕಳಿಸಿದರು. ದರ್ಜಿ ಕಾಗದ ಬದಲಿಸಲಿಲ್ಲ. ಇವಳ ರವಿಕೆಗಳನ್ನೂ ಅದನ್ನಿಟ್ಟೇ ಕತ್ತರಿಸಿದ. ಭುಜ ಹಿಡಿಯುತ್ತದೆ ಎಂದರೆ, “ಹಾಕ್ತಾ ಹಾಕ್ತಾ ಒಗ್ಗುತ್ತೆ,” ಎಂದ. ನೆಂಟರು ಬಂದಾಗ, “ದೊಡ್ಡವಳು ಹೋದದ್ದೇ ಗೊತ್ತಾಗಲ್ಲ ನೋಡು,” ಎಂದು ಬಾಯ್ತುಂಬ ಹೊಗಳುತ್ತಿದ್ದರು.

ಗಂಡ ಬಂದಾಗ ಆ ಅಳತೆಗೆ ಕತ್ತರಿಸಿದ ಹೊಸ ಕಾಗದ ಮೇಜಿನ ಮೇಲಿತ್ತು.

“ಇದ್ಯಾವ ಗಿರಾಕಿದು?”

“ನಂದು.”

“ನಿಂದು ಇದೆಯಲ್ಲ.”

“ಅದು ಅಕ್ಕಂದು ರೀ.”

“ಸತ್ತೋಳ ರವಿಕೆ ಬದುಕಿರೋಳಿಗೆ ಎಷ್ಟು ದಿನ ತೊಡಿಸ್ತೀಯಪ್ಪಾ?” ಎಂದಳು ಅಜ್ಜಿ.

“ಬಾಯಲ್ಲಿ ಸೂಜಿ ಇಟ್ಕೊಂಡು ಮಾತಾಡ್ಬಾರ್ದು ಅಜ್ಜಿ. ನಿನ್ನ ಕಾಜಾ ನೋಡ್ಕೋ.”

ಅವನು ಕೂಗಾಡಲಿಲ್ಲ. ಹಳೆಯ ಕಾಗದವನ್ನು ಇಳಿಸಿ ಹೊಸದರ ಮೇಲಿಟ್ಟ. ಕೊರಳಿಗೆ ಕೊರಳು ಕೂಡಿಸಿ, ಹೊರಗುಳಿದಷ್ಟನ್ನು ಕತ್ತರಿಸುತ್ತಾ ಹೋದ. ಕೆಲಸಗಾರನ ಕೈ, ಗೆರೆ ಒಂದಿಷ್ಟೂ ತಪ್ಪಲಿಲ್ಲ. ಬೆರಳಗಲದ ಪಟ್ಟಿಗಳು ಸುರುಳಿಯಾಗಿ ನೆಲಕ್ಕೆ ಬಿದ್ದವು.

“ನೋಡು, ಇಷ್ಟೇ ವ್ಯತ್ಯಾಸ. ಇಷ್ಟಕ್ಕೆ ರಂಪ. ಒಂದು ಮನೆಗೆ ಎರಡು ಅಳತೆ ಬೇಡ.”

ಅವನು ಯಂತ್ರದ ಮುಂದೆ ಬೆನ್ನು ಹಾಕಿ ಕೂತು ತುಳಿಯತೊಡಗಿದ. ಅಜ್ಜಿ ತಲೆ ಎತ್ತಲಿಲ್ಲ.

ಹೆಂಡತಿ ಬಗ್ಗಿ ಪಟ್ಟಿಗಳನ್ನು ಒಂದೊಂದಾಗಿ ಹೆಕ್ಕಿದಳು. ಕಪಾಟಿನಿಂದ ತನ್ನ ಪಾಲಿನ ನೀಲಿ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದಳು. ಕತ್ತರಿಸಿದ ತನ್ನ ಕಾಗದವನ್ನು ಅದರ ಮೇಲಿಟ್ಟು, ಪಟ್ಟಿಗಳನ್ನು ಅಂಗೈಯಿಂದ ನೀವಿ, ಅವು ಕತ್ತರಿಸಿಹೋದ ಜಾಗಗಳಿಗೇ ಸೇರಿಸಿ ಗುಂಡುಸೂಜಿ ಚುಚ್ಚಿದಳು. ಸೀಮೆಸುಣ್ಣ ಎತ್ತಿಕೊಂಡು, ಪಟ್ಟಿಗಳ ಹೊರಗಿನಿಂದ ಗೆರೆ ಎಳೆಯತೊಡಗಿದಳು.

ಯಂತ್ರದ ಸದ್ದು ನಿಂತಿತು. ಬಿಳಿ ಗೆರೆ ಕಂಕುಳ ತಿರುವಿಗೆ ಬಂದಿತ್ತು. ಅಲ್ಲಿ ಅವಸರ ಮಾಡುವಂತಿಲ್ಲ. ಅವಳು ನಿಧಾನವಾಗಿ ತಿರುಗಿಸಿದಳು.