ಗುಮ್ಮಟದ ಬುಡದ ಗಾಜು

“ಇದು ಯಾವಾಗ ಒಡೀತು?”

ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ದುಂಡು ಸಭಾಂಗಣದ ಗುಮ್ಮಟದ ಬುಡದಲ್ಲಿ, ಗೋಡೆಗುಂಟ ಸುತ್ತಿ ಬರುವ ಕಿರಿದಾದ ಗ್ಯಾಲರಿಯ ಮೇಲೆ ಮಗಳು ಮಂಡಿಯೂರಿದ್ದಳು. ಅಪ್ಪನ ರಸಪ್ರಶ್ನೆಯ ಗಂಟೆಯನ್ನು ತೆಗೆದುಕೊಂಡು ಹೋಗಲು ಹತ್ತಿ ಬಂದವಳು, ಗೋಡೆಯಲ್ಲೊಂದು ಬಿರುಕಿನ ಮುಂದೆ ಹಾಗೇ ಕೂತುಬಿಟ್ಟಿದ್ದಳು.

ಬಿರುಕಿಗೆ ಅಡ್ಡಲಾಗಿ ಗಾರೆಯಲ್ಲಿ ಕೂರಿಸಿದ್ದ ಬೆರಳಗಲದ ಗಾಜಿನ ಪಟ್ಟಿ ಎರಡು ತುಂಡಾಗಿತ್ತು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಮೊದಲು ಒಡೆಯುವುದು ಗಾಜು; ಅದಕ್ಕೆಂದೇ ಅದನ್ನಲ್ಲಿ ಕೂರಿಸುವುದು. ಆರು ತಿಂಗಳಿಗೊಮ್ಮೆ ಎಂಜಿನಿಯರ್ ಬಂದು, ಗಾಜು ನೆಟ್ಟಗಿದೆಯೆಂದು ನೋಡಿ, ಸಹಿ ಹಾಕಿ ಹೋಗುತ್ತಿದ್ದರು.

ಗಂಟೆಯ ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಮುಚ್ಚಳ ತೆಗೆದಳು. ಡಬ್ಬಿಯ ತುಂಬ ಒಡೆದ ಗಾಜಿನ ಪಟ್ಟಿಗಳು. ಒಂದೊಂದಕ್ಕೂ ದಾರ ಸುತ್ತಿ, ಅಂಟಿಸಿದ ದಿನ, ಒಡೆದ ದಿನ ಎಂದು ಅಪ್ಪ ಬರೆದಿಟ್ಟಿದ್ದ. ಮೊದಲನೆಯದು ಮೂರು ವರ್ಷ ಬಾಳಿತ್ತು. ಆಮೇಲಿನದು ಒಂದು ವರ್ಷ. ಆಮೇಲೆ ತಿಂಗಳುಗಳು. ಕೊನೆಕೊನೆಗೆ ವಾರ. ಡಬ್ಬಿಯ ಕೊನೆಯದು ಒಡೆದದ್ದು ಮೊನ್ನೆ ಭಾನುವಾರ; ಗೋಡೆಯ ಮೇಲಿದ್ದದ್ದು ಅವತ್ತೇ ಅಂಟಿಸಿದ್ದು. ಅಪ್ಪ ತೀರಿಕೊಂಡದ್ದು ಗುರುವಾರ.

ಅವಳು ದರ್ಜಿ. ಹೊಲಿಗೆ ಬಿಡುವ ಮುನ್ನ ಬಟ್ಟೆ ಹೇಗೆ ಬಿಗಿದು ನಿಲ್ಲುತ್ತದೆಂದು ಬಲ್ಲವಳು.

“ಗಂಟೆ ಸಿಕ್ತೇನಮ್ಮಾ?” ಕೆಳಗಿನಿಂದ ಚಿಕ್ಕಪ್ಪನ ದನಿ. ಸಭಾಂಗಣದ ಕಾರ್ಯದರ್ಶಿ ಅವನೇ. “ಮುನ್ನೂರು ಕುರ್ಚಿ ಹಾಕ್ಸಿದೀನಿ. ನಾಲ್ಕಕ್ಕೆ ಗಾಡಿ ಬರುತ್ತೆ. ಅಣ್ಣನ್ನ ನಟ್ಟನಡುವೆ ಇಡೋಣ.”

*

ಅಪ್ಪ ಗಾರೆ ಕೆಲಸಕ್ಕೆ ಬಂದವನು. ಗೋಡೆ ಮೆತ್ತಿದ, ಮೆತ್ತಿದ್ದನ್ನು ಕಾಯಲು ಉಳಿದ. ಭಾನುವಾರಗಳಂದು ಸಿನಿಮಾ ರಸಪ್ರಶ್ನೆ ಶುರುಮಾಡಿ ಊರಿಗೆಲ್ಲ ಪ್ರಶ್ನೆಮಾಮನಾದ. “ದುಂಡು ಮನೇಲಿ ಮೂಲೆ ಇಲ್ಲ, ಹಿಂದಿನ ಬೆಂಚೂ ಇಲ್ಲ” ಎಂದು ಮಕ್ಕಳನ್ನು ಸುತ್ತ ಕೂರಿಸುತ್ತಿದ್ದ.

ಮಗಳು ಚಿಕ್ಕವಳಿದ್ದಾಗ ಅವಳನ್ನು ಗ್ಯಾಲರಿಯ ಒಂದು ಬದಿಗೆ ನಿಲ್ಲಿಸಿ, ತಾನು ಎದುರು ಬದಿಗೆ ಹೋಗಿ, ಗೋಡೆಗೆ ಬಾಯಿಟ್ಟು ಪಿಸುಗುಟ್ಟುತ್ತಿದ್ದ. ಮಾತು ಗೋಡೆಯ ಬಾಗಿನಲ್ಲೇ ಹರಿದು ಬಂದು ಕಿವಿಯೊಳಗೇ ಹುಟ್ಟಿದಂತೆ ಕೇಳಿಸುತ್ತಿತ್ತು.

“ಗುಮ್ಮಟ ಯಾಕೆ ಬೀಳಲ್ಲ ಹೇಳು?”

“ಗೊತ್ತಿಲ್ಲಪ್ಪಾ.”

“ಅದರ ಭಾರ ಗೋಡೇನ ಹೊರಕ್ಕೆ ತಳ್ಳುತ್ತೆ. ಬುಡದಲ್ಲಿ ಕಬ್ಬಿಣದ ಬಳೆ ತೊಡಿಸಿದಾರೆ. ಬಳೆ ಹಿಡಿದಿರೋ ತನಕ ನಾವು.” ಹೇಳಿ ಗಂಟೆ ಬಾರಿಸುತ್ತಿದ್ದ. ಹೊತ್ತು ಮೀರಿತು ಎಂದರ್ಥ.

ಮೊನ್ನೆ ಭಾನುವಾರ ಅವಳು ಗ್ಯಾಲರಿಯಲ್ಲಿ ಪರದೆಗೆ ಅಂಚು ಹಿಡಿಯುತ್ತಿದ್ದಾಗಲೂ ಗೋಡೆ ಮಾತಾಡಿತ್ತು.

“ಕೊನೇ ಪ್ರಶ್ನೆ. ಈ ಮನೇಲಿ ಸುಳ್ಳು ಹೇಳಕ್ಕೆ ಬರದೇ ಇರೋದು ಯಾವುದು?”

“ಅಪ್ಪಾ, ಬಾಯಲ್ಲಿ ಪಿನ್ನಿದೆ. ಆಮೇಲೆ.”

ಅವನು ಗೋಡೆಗೆ ಕೆನ್ನೆಯೊತ್ತಿ ಬಹಳ ಹೊತ್ತು ನಿಂತೇ ಇದ್ದ. ಆ ದಿನ ಗಂಟೆ ಬಾರಿಸಲಿಲ್ಲ.

*

ಗಾಡಿ ಬಂದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಮಗಳು ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು, ಕಂಕುಳಲ್ಲಿ ಡಬ್ಬಿ. ಅಂಗಳದ ತುಂಬ ಜನ.

“ಮೂವತ್ತು ವರ್ಷ ಆಡಿದೆ, ಒಂದು ಸೋಪಿನ ಡಬ್ಬಿ ಗೆಲ್ಲಲಿಲ್ಲ ಕಣ್ರೀ,” ಎನ್ನುತ್ತಿದ್ದ ಬೋರ್ಡು ಬರೆಯುವ ಪೇಂಟರ್. “ನಾಯಕಿ ಛತ್ರಿ ಯಾವ ಬಣ್ಣ ಅಂದ. ನಾನು ಪೇಂಟರ್ರು, ಜಂಬದಿಂದ ನೀಲಿ ಅಂದೆ. ಲೋ, ಅದು ಕಪ್ಪು-ಬಿಳುಪು ಚಿತ್ರ ಕಣೋ ಅಂದ!” ನಗಲು ಹೋಗಿ ಮೂಗೊರೆಸಿಕೊಂಡ.

ಚಿಕ್ಕಪ್ಪ ಮೆಟ್ಟಿಲೇರಿ ಬಂದ. “ಏನಿದು ಹುಡುಗಾಟ? ತೆಗಿ ಬಾಗಿಲು.”

“ಗಾಜು ಒಡೆದಿದೆ ಚಿಕ್ಕಪ್ಪ.”

“ಒಡೆದ್ರೆ ಇನ್ನೊಂದು ಅಂಟಿಸಿದ್ರಾಯ್ತು.”

“ಅಪ್ಪ ಅದನ್ನೇ ಮಾಡಿದ್ರು. ಹತ್ತೊಂಬತ್ತು ಸಲ.” ಮುಚ್ಚಳ ಸ್ವಲ್ಪ ಸರಿಸಿ ತೋರಿಸಿದಳು.

ಚಿಕ್ಕಪ್ಪ ಥಟ್ಟನೆ ಮುಚ್ಚಳ ಒತ್ತಿ ಮುಚ್ಚಿದ. “ಯಾರಿಗೆ ಹೇಳಿದೆ?”

“ಗಾಜು ಒಡೆದಿದೆ ಅಂತ ಎಂಜಿನಿಯರ್‌ಗೆ ಫೋನ್ ಮಾಡಿದೆ. ಬರ್ತಿದಾರೆ.”

ಅವನು ಮೆಟ್ಟಿಲ ಮೇಲೆ ಕೂತ. “ಮುಚ್ಚಿದ್ರೆ ಮತ್ತೆ ತೆಗೆಯಲ್ಲ, ಕೆಡವ್ತಾರೆ ಅಂತ ಅಣ್ಣಂಗೆ ಗೊತ್ತಿತ್ತು. ಈ ಮನೆ ಬಿಟ್ರೆ ಅವನಿಗೆ ಇನ್ನೇನಿತ್ತು, ಹೇಳು?”

“ಪ್ರತಿ ಭಾನುವಾರ ಅದರ ಕೆಳಗೆ ಮಕ್ಕಳು ಕೂತಿರ್ತಿದ್ರು. ನನ್ನ ಮಕ್ಕಳೂ ಕೂತಿದ್ರು.”

ಗಾಡಿಯ ಹಿಂಬಾಗಿಲು ತೆರೆದಿತ್ತು. ಜನ ಒಬ್ಬೊಬ್ಬರಾಗಿ ಹೋಗಿ, ಅಲ್ಲೇ ಬಗ್ಗಿ ಅಪ್ಪನ ಮುಖ ನೋಡಿ ಬರುತ್ತಿದ್ದರು. ಪೇಂಟರ್ ಕಿವಿಯ ಬಳಿ ಏನೋ ಹೇಳಿ ಬಂದ. ಯಾವುದೋ ಹಳೆಯ ಪ್ರಶ್ನೆಗೆ ಉತ್ತರವಿರಬೇಕು.

“ಬಾಗಿಲು ಬೇಡ ಬಿಡು,” ಎಂದ ಚಿಕ್ಕಪ್ಪ ಕೊನೆಗೆ. “ಆ ಡಬ್ಬಿ ಕೊಡು. ಅವನ ಮಗ್ಗುಲಲ್ಲಿ ಇಟ್ಬಿಡ್ತೀನಿ, ಅವನ ಜೊತೆಗೇ ಹೋಗಲಿ. ಒಡೆದಿದ್ದು ಒಂದೇ ಗಾಜು ಅಂತ ಇರಲಿ.”

“ಒಂದೇ ಅಂದ್ರೆ, ಇನ್ನೊಂದು ಅಂಟಿಸಿ ಆರು ತಿಂಗಳು ನೋಡೋಣ ಅಂತಾರೆ ಚಿಕ್ಕಪ್ಪ.”

“ನಿಂಗೆ ಕೈ ಮುಗೀತೀನಿ ಕಣಮ್ಮಾ. ಇಷ್ಟು ಜನ ಅವನಿಗೋಸ್ಕರ ಬಂದಿದಾರೆ. ಇವತ್ತೊಂದು ದಿನ ಅವನನ್ನ ಪ್ರಶ್ನೆಮಾಮ ಆಗಿ ಕಳಿಸಿಕೊಡೋಣ. ಕೊಡು.”

ರಸ್ತೆಯ ತಿರುವಿನಲ್ಲಿ ಎಂಜಿನಿಯರರ ಸ್ಕೂಟರ್ ಕಾಣಿಸಿತು. ಮಗಳು ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಳು. ಒಳಗೆ ಗಾಜು ಸಣ್ಣಗೆ ಸದ್ದು ಮಾಡಿತು.

“ಕೊಡಲ್ಲ,” ಅಂದಳು.